ಗುಣವಾದ ಮೇಲಿನ ಚರಿತ್ರೆ

ವೈದ್ಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರೋಗ ಗುಣವಾದ ಕಡೆ ಬಂದು ನಿಲ್ಲುತ್ತಾರೆ. ಒಬ್ಬ ವಿಜ್ಞಾನಿ ಕಂಡುಹಿಡಿದ, ಒಬ್ಬ ವೈದ್ಯ ಪ್ರಯೋಗಿಸಿದ, ಒಬ್ಬ ರೋಗಿ ಎದ್ದು ಮನೆಗೆ ನಡೆದ. ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಮನೆಗೆ ಹೋದವನು ಆ ಮೇಲೆ ಇಪ್ಪತ್ತು ಮೂವತ್ತು ವರ್ಷ ಹೇಗೆ ಬಾಳಿದ, ಚಿಕಿತ್ಸೆ ಅವನ ದೇಹದಲ್ಲಿ ಏನೇನನ್ನು ಉಳಿಸಿ ಹೋಯಿತು ಎಂಬುದು ಗ್ರಂಥಗಳಲ್ಲಿ ಬರುವುದು ಅಪರೂಪ. ಅರ್ಬುದಕ್ಕೆ, ಎಂದರೆ ಕ್ಯಾನ್ಸರಿಗೆ, ಕೊಡುವ ವಿಕಿರಣ ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಹೀಗೆ ನಿಲ್ಲಿಸಿಬಿಡಲು ಬರುವುದಿಲ್ಲ. ಏಕೆಂದರೆ ಕಿರಣದ ಕೆಲಸದ ಒಂದು ಭಾಗ ಕಾಣಿಸಿಕೊಳ್ಳುವುದೇ ಚಿಕಿತ್ಸೆ ಮುಗಿದು ಬಹುಕಾಲವಾದ ಮೇಲೆ. ಈ ಉತ್ತರಭಾಗದ ಚರಿತ್ರೆಯನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಆ ಚರಿತ್ರೆಯ ಒಂದು ಪುಟ ನನ್ನ ಕೊರಳಿನಲ್ಲಿಯೂ ಇದೆ.

ಅರ್ಬುದವೆಂಬ ಶಬ್ದ ಹಳೆಯದು. ಸುಶ್ರುತಸಂಹಿತೆಯಲ್ಲಿ ಅದರ ಲಕ್ಷಣವೂ ಇದೆ. ಅದಕ್ಕೆ ಶಸ್ತ್ರ, ಕ್ಷಾರ, ಅಗ್ನಿ ಎಂಬ ಉಪಾಯಗಳೂ ಇವೆ. 1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್‌ಗೆನ್ ಕಂಡುಹಿಡಿದ ಕ್ಷ-ಕಿರಣ ವೈದ್ಯರ ಕೈಗೆ ಒಂದು ಹೊಸ ಬಗೆಯ ಅಗ್ನಿಯಾಗಿ ಬಂದಿತು. ಹಳೆಯ ಅಗ್ನಿಗೂ ಇದಕ್ಕೂ ಇರುವ ಅಂತರ ದೊಡ್ಡದು. ಕಾದ ಸಲಾಕೆ ಸುಟ್ಟರೆ ಸುಟ್ಟ ಕ್ಷಣದಲ್ಲಿಯೇ ತಿಳಿಯುತ್ತದೆ. ಈ ಅಗ್ನಿಗೆ ಬಿಸಿಯಿಲ್ಲ, ತಾಗಿದಾಗ ನೋವಿಲ್ಲ. ಸುಟ್ಟದ್ದು ಗೊತ್ತಾಗುವುದು ದಿನಗಳ ಮೇಲೆ, ತಿಂಗಳುಗಳ ಮೇಲೆ, ಕೆಲವೊಮ್ಮೆ ದಶಕಗಳ ಮೇಲೆ.

ಕ್ಷ-ಕಿರಣ ತಾಗಿದರೆ ಕೂದಲು ಉದುರುತ್ತದೆಂಬ ಸುದ್ದಿಯನ್ನು 1896ರಲ್ಲಿ ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ ಎಂಬ ವೈದ್ಯ ಪತ್ರಿಕೆಯಲ್ಲಿ ಓದಿದ. ಅವನ ಬಳಿ ಐದು ವರ್ಷದ ಒಬ್ಬ ಹುಡುಗಿಯನ್ನು ಕರೆತಂದಿದ್ದರು. ಆಕೆಯ ಬೆನ್ನಿನ ಮೇಲೆ ಕೂದಲು ತುಂಬಿದ ದೊಡ್ಡ ಮಚ್ಚೆಯಿತ್ತು. ಆ ವರ್ಷದ ನವೆಂಬರಿನಲ್ಲಿ ಅವನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಕಿರಣ ಹಾಯಿಸಿದ. ಕೂದಲು ಉದುರಿತು. ಬಳಿಕ ಬೆನ್ನಿನ ಕೆಳಭಾಗಕ್ಕೂ ಹಾಯಿಸಿದಾಗ ಅಲ್ಲಿ ಹುಣ್ಣಾಗಿ, ಅದು ಮಾಯಲು ಬಹಳ ಕಾಲ ಹಿಡಿಯಿತು. ಅದು ಅರ್ಬುದವಾಗಿರಲಿಲ್ಲ; ಆದರೂ ವಿಕಿರಣ ಚಿಕಿತ್ಸೆಯ ಶಾಸ್ತ್ರೀಯ ಚರಿತ್ರೆಯನ್ನು ಅನೇಕರು ಆ ಹುಡುಗಿಯಿಂದಲೇ ಆರಂಭಿಸುತ್ತಾರೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಎಪ್ಪತ್ತು ವರ್ಷಗಳಾದ ಮೇಲೆ, 1966ರಲ್ಲಿ, ವೈದ್ಯರು ಅದೇ ವ್ಯಕ್ತಿಯನ್ನು ಮತ್ತೊಮ್ಮೆ ಪರೀಕ್ಷಿಸಿ ವರದಿ ಬರೆದರು. ಆಗ ಆಕೆ ವೃದ್ಧೆ. ಬೆನ್ನಿನ ಚರ್ಮದಲ್ಲಿ ಕಿರಣದ ಗಾಯದ ಕಲೆ ಹಾಗೆಯೇ ಇತ್ತು. ಬೆನ್ನುಮೂಳೆ ಸವೆದು ಬಾಗಿತ್ತು. ಉಳಿದಂತೆ ಆಕೆ ಆರೋಗ್ಯವಾಗಿಯೇ ಬಾಳಿದ್ದಳು, ಮಗನೊಬ್ಬನನ್ನು ಹೆತ್ತು ಬೆಳೆಸಿದ್ದಳು. ಫ್ರಾಯಿಂಡ್ ಆ ವೇಳೆಗೆ ಇರಲಿಲ್ಲ. 1938ರಲ್ಲಿ ನಾಜಿಗಳು ಆಸ್ಟ್ರಿಯವನ್ನು ಹಿಡಿದಾಗ, ಯೆಹೂದಿಯಾದ ಅವನು ದೇಶ ಬಿಟ್ಟು ಬ್ರಸೆಲ್ಸಿಗೆ ಹೋಗಿ, 1943ರಲ್ಲಿ ಅಲ್ಲಿಯೇ ತೀರಿಕೊಂಡಿದ್ದ. ಅವನ ಪ್ರಯೋಗದ ಪೂರ್ಣ ಫಲಿತಾಂಶವನ್ನು ಅವನು ನೋಡಲಾಗಲಿಲ್ಲ. ಅದು ಅವನ ರೋಗಿಯ ಬೆನ್ನಿನಲ್ಲಿ ಬರೆದುಕೊಂಡಿತ್ತು. ಈ ಶಾಸ್ತ್ರದಲ್ಲಿ ವೈದ್ಯನ ಆಯುಸ್ಸಿಗಿಂತ ಕಿರಣದ ಆಯುಸ್ಸು ದೊಡ್ಡದಾಗಬಹುದು ಎಂಬುದು ಮೊದಲ ರೋಗಿಯಿಂದಲೇ ಸಿದ್ಧವಾಯಿತು.

ಆದಿಯಲ್ಲಿ ಈ ಅಗ್ನಿಗೆ ಕೈಯೊಡ್ಡಿದವರು ವಿಜ್ಞಾನಿಗಳೇ. 1901ರಲ್ಲಿ ಹೆನ್ರಿ ಬೆಕೆರೆಲ್ ರೇಡಿಯಂ ತುಂಬಿದ ಚಿಕ್ಕ ನಳಿಗೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ. ಜೇಬಿನ ಕೆಳಗಿನ ಚರ್ಮ ಸುಟ್ಟಿತು. ಪಿಯರ್ ಕ್ಯೂರಿ ಬೇಕೆಂದೇ ತನ್ನ ತೋಳನ್ನು ರೇಡಿಯಮ್ಮಿಗೆ ಒಡ್ಡಿ ಗಾಯದ ಬೆಳವಣಿಗೆಯನ್ನು ಬರೆದಿಟ್ಟ. ಅಮೆರಿಕದಲ್ಲಿ ಎಡಿಸನ್ನನ ಸಹಾಯಕನಾಗಿದ್ದ ಕ್ಲಾರೆನ್ಸ್ ಡಾಲಿ ಕ್ಷ-ಕಿರಣದ ಕೊಳವೆಗಳನ್ನು ತನ್ನ ಕೈಯ ಮೇಲೆಯೇ ಪರೀಕ್ಷಿಸುತ್ತಿದ್ದ. ಎರಡು ತೋಳುಗಳನ್ನೂ ಕತ್ತರಿಸಬೇಕಾಗಿ ಬಂದು 1904ರಲ್ಲಿ ಸತ್ತ. ಎಡಿಸನ್ ಆ ಕೆಲಸವನ್ನೇ ಕೈಬಿಟ್ಟ. ಬೇಗ ಬೇಗ ವಿಭಜನೆಗೊಳ್ಳುವ ಜೀವಕೋಶಗಳ ಮೇಲೆ ಕಿರಣದ ಪ್ರಭಾವ ಹೆಚ್ಚು ಎಂಬ ನಿಯಮವನ್ನು 1906ರಲ್ಲಿ ಟ್ರಿಬೊಂಡೊ ಎಂಬವನೊಡನೆ ಕೂಡಿ ಹೇಳಿದ ಫ್ರಾನ್ಸಿನ ಝಾನ್ ಬೆರ್ಗೊನಿಯೆ ತಾನೇ ಕಿರಣಾಘಾತದಿಂದ ತೋಳು ಕಳೆದುಕೊಂಡು 1925ರಲ್ಲಿ ತೀರಿಕೊಂಡ. ಮೇರಿ ಕ್ಯೂರಿ 1934ರಲ್ಲಿ ರಕ್ತಕಣಗಳು ಬತ್ತುವ ರೋಗದಿಂದ ಕಣ್ಮುಚ್ಚಿದಳು. ಇಂತಹವರ ನೆನಪಿಗೆ 1936ರಲ್ಲಿ ಹ್ಯಾಂಬರ್ಗಿನ ಆಸ್ಪತ್ರೆಯೊಂದರ ಆವರಣದಲ್ಲಿ ಸ್ಮಾರಕಶಿಲೆಯನ್ನು ನೆಟ್ಟು, ನಾನಾ ದೇಶಗಳ ಕಿರಣಶಾಸ್ತ್ರಜ್ಞರ ಹೆಸರುಗಳನ್ನು ಕೆತ್ತಿದರು. ಅದು ನ್ಯಾಯವೇ. ಆದರೆ ಆ ಕಲ್ಲಿನಲ್ಲಿ ಸ್ಥಳವಿದ್ದುದು ಕಿರಣ ಕೊಟ್ಟವರಿಗೆ. ಕಿರಣ ತೆಗೆದುಕೊಂಡು ಗುಣವಾಗಿ, ಅದರ ಭಾರವನ್ನು ಹೊತ್ತು ಬದುಕಿದವರ ಚರಿತ್ರೆಯನ್ನು ಬೇರೆಡೆ ಹುಡುಕಬೇಕು.

ಬೆರ್ಗೊನಿಯೆಯ ನಿಯಮ ಚಿಕಿತ್ಸೆಯ ಗುಣವನ್ನೂ ಅದರ ದೋಷದ ಅರ್ಧವನ್ನೂ ವಿವರಿಸುತ್ತದೆ. ಅರ್ಬುದದ ಕೋಶಗಳು ಹುಚ್ಚಾಗಿ ಬೆಳೆಯುವಂಥವು. ಆದ್ದರಿಂದ ಅವು ಸಾಯುತ್ತವೆ. ಬಾಯಿಯ ಒಳಚರ್ಮ, ಕೂದಲಿನ ಬೇರು ಇವೂ ಬೇಗ ಬೆಳೆಯುವಂಥವು. ಆದ್ದರಿಂದ ಚಿಕಿತ್ಸೆಯ ದಿನಗಳಲ್ಲಿಯೇ ಹುಣ್ಣಾಗುತ್ತದೆ, ಕೂದಲು ಉದುರುತ್ತದೆ. ಇವು ಬೇಗ ಬರುವ ತೊಂದರೆಗಳು. ಬಹುಮಟ್ಟಿಗೆ ಬೇಗ ಹೋಗುತ್ತವೆ. ಇನ್ನರ್ಧ ಬೇರೆಯದು. ಸಣ್ಣ ರಕ್ತನಾಳಗಳು, ಮೂಳೆ, ನರ, ಅಂಗಾಂಗಗಳನ್ನು ಹಿಡಿದಿಡುವ ನಾರುಭಾಗ ಇವು ನಿಧಾನವಾಗಿ ನವೀಕರಣಗೊಳ್ಳುವಂಥವು. ಅವುಗಳಿಗಾದ ಪೆಟ್ಟು ನಿಧಾನವಾಗಿಯೇ ಹೊರಬೀಳುತ್ತದೆ. ರಕ್ತನಾಳ ಕಿರಿದಾಗುತ್ತದೆ, ಮೃದುವಾಗಿದ್ದ ಭಾಗ ನಾರುಗಟ್ಟಿ ಬಿಗಿಯುತ್ತದೆ, ಗ್ರಂಥಿಗಳು ಬತ್ತುತ್ತವೆ. ಅಲ್ಲದೆ, ಉಳಿದುಕೊಂಡ ಕೋಶಗಳಲ್ಲಿ ಆದ ವಿಕಾರದಿಂದ ಬಹಳ ವರ್ಷಗಳ ಮೇಲೆ, ಎಲ್ಲರಲ್ಲಿ ಅಲ್ಲದಿದ್ದರೂ ಕೆಲವರಲ್ಲಿ, ಬೇರೊಂದು ಅರ್ಬುದವೇ ತಲೆದೋರಬಹುದು.

ಈ ಎರಡರ ನಡುವೆ ಒಂದು ದಾರಿ ಹುಡುಕಿದವರು ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯವರು. ಕ್ಲಾಡಿಯಸ್ ರೆಗೊ ಟಗರುಗಳ ಮೇಲೆ ಪ್ರಯೋಗ ನಡೆಸಿದ. ಒಂದೇ ಸಲಕ್ಕೆ ಕಿರಣ ಕೊಟ್ಟು ಟಗರಿನ ಬೀಜವನ್ನು ನಿರ್ವೀರ್ಯಗೊಳಿಸಹೋದರೆ ಮೇಲಿನ ಚರ್ಮ ಹಾಳಾಗುತ್ತಿತ್ತು. ಅದನ್ನೇ ಹಂಚಿ ದಿನಗಳ ಅಂತರದಲ್ಲಿ ಕೊಟ್ಟರೆ ಉದ್ದೇಶವೂ ಸಾಧಿಸಿತು, ಚರ್ಮವೂ ಉಳಿಯಿತು. ಅವನ ಸಹೋದ್ಯೋಗಿ ಹೆನ್ರಿ ಕುಟಾರ್ 1920ರ ದಶಕದಲ್ಲಿ ಇದೇ ವಿಧಾನವನ್ನು ಗಂಟಲಿನ ಅರ್ಬುದಕ್ಕೆ ಪ್ರಯೋಗಿಸಿದ. ಇಂದಿಗೂ ರೋಗಿಗಳು ವಾರಗಟ್ಟಲೆ ಪ್ರತಿದಿನವೂ ಆಸ್ಪತ್ರೆಗೆ ಹೋಗಿ ಚೂರು ಚೂರಾಗಿ ಕಿರಣ ತೆಗೆದುಕೊಳ್ಳುವುದು ಆ ಟಗರುಗಳು ಕಲಿಸಿದ ಪಾಠದಿಂದ.

ಮುಂದಿನ ದೊಡ್ಡ ಹೆಜ್ಜೆ ಕೋಬಾಲ್ಟ್ ಯಂತ್ರದ್ದು. 1951ರಲ್ಲಿ ಕೆನಡದ ಲಂಡನ್ ಮತ್ತು ಸ್ಯಾಸ್ಕಟೂನ್ ನಗರಗಳಲ್ಲಿ ಮೊದಲು ಬಳಕೆಗೆ ಬಂದ ಈ ಯಂತ್ರದ ಕಿರಣ ಚರ್ಮವನ್ನು ಹೆಚ್ಚು ನೋಯಿಸದೆ ಒಳಗಿಳಿಯುತ್ತಿತ್ತು; ಅದರ ಪೂರ್ಣಪ್ರಭಾವ ಬೀಳುತ್ತಿದ್ದುದು ಚರ್ಮದ ಸುಮಾರು ಅರ್ಧ ಸೆಂಟಿಮೀಟರ್ ಕೆಳಗೆ. ಆಳದಲ್ಲಿದ್ದ ಗೆಡ್ಡೆಗಳೂ ಕೈಗೆ ಸಿಕ್ಕಿದವು. ಆದರೆ ಇದರೊಂದಿಗೆ ಒಂದು ಕಾವಲೂ ತಪ್ಪಿತು. ಹಿಂದೆ ಚರ್ಮ ಕೆಂಪಾಗಿ, ಸಾಕು ನಿಲ್ಲಿಸು ಎಂದು ವೈದ್ಯನಿಗೆ ಹೇಳುತ್ತಿತ್ತು. ಈಗ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತಿರುವಾಗಲೇ ಒಳಗಿನದು ಸದ್ದಿಲ್ಲದೆ ಬಿಗಿಯತೊಡಗಿತು. ಅದನ್ನು ಹೇಳಬೇಕಾದವನು ರೋಗಿಯೇ, ಅದೂ ವರ್ಷಗಳು ಕಳೆದ ಮೇಲೆ.

ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ತೆರೆಯಿತು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ ಮದರಾಸಿನ ಅಡ್ಯಾರಿನಲ್ಲಿ 1954ರಲ್ಲಿ ಕ್ಯಾನ್ಸರ್ ಸಂಸ್ಥೆ ಹುಟ್ಟಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಕರ್ನಾಟಕದ ಹಳ್ಳಿಹಳ್ಳಿಗಳಿಂದ ಜನ ಈ ಚಿಕಿತ್ಸೆಗೆ ಬರಲು ತೊಡಗಿದರು. ಅವರ ಬಾಯಲ್ಲಿ ಅದಕ್ಕೆ ‘ಕರೆಂಟು ಕೊಡಿಸುವುದು’ ಎಂದು ಹೆಸರು. ಆ ಮಾತಿನಲ್ಲಿ ಒಂದು ನಂಬಿಕೆ ಅಡಗಿದೆ: ಗುಂಡಿ ಒತ್ತಿದರೆ ಬಂದಿತು, ಆರಿಸಿದರೆ ಹೋಯಿತು. ಯಂತ್ರದ ಮಟ್ಟಿಗೆ ಅದು ನಿಜ. ದೇಹದ ಮಟ್ಟಿಗೆ ಅಲ್ಲ.

ನನ್ನ ಗಂಟಲಿನಲ್ಲಿ, ಟಾನ್ಸಿಲ್ ಇರುವ ಕಡೆ, ಅರ್ಬುದ ಕಾಣಿಸಿಕೊಂಡದ್ದು 2008ರಲ್ಲಿ. ವಾರಕ್ಕೆ ಐದು ದಿನದಂತೆ ಏಳು ವಾರ, ಒಟ್ಟು 35 ಸಲ ಕೋಬಾಲ್ಟ್ ಯಂತ್ರದ ಕೆಳಗೆ ಮಲಗಿದೆ. ದಿನಕ್ಕೆ 2 ಗ್ರೇ, ಒಟ್ಟು 70 ಗ್ರೇ. ಗ್ರೇ ಎಂಬುದು ಕಿರಣದ ಅಳತೆ. ಬ್ರಿಟನ್ನಿನ ವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇಯ ಹೆಸರಿನಿಂದ 1975ರಲ್ಲಿ ರೂಢಿಗೆ ಬಂದದ್ದು. ಮೂರನೆಯ ವಾರದಿಂದ ಬಾಯಿ ಹುಣ್ಣಾಯಿತು. ಗಂಜಿ ನುಂಗುವುದೂ ಪ್ರಯಾಸವಾಯಿತು. ಎಲ್ಲ ಮುಗಿದು ಎರಡು ತಿಂಗಳಲ್ಲಿ ಹುಣ್ಣು ಮಾಯಿತು. ಗೆಡ್ಡೆ ಹೋಗಿತ್ತು. ಮಿತ್ರರು ಮನೆಗೆ ಬಂದು ಸಂತೋಷಪಟ್ಟರು.

ಉಳಿದದ್ದು ಒಂದೊಂದಾಗಿ ಬಂದಿತು. ಬಾಯಲ್ಲಿ ನೀರೂರುವುದು ಎಂಬ ನುಡಿಗಟ್ಟು ಈಗ ನನಗೆ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಕಿವಿಯ ಕೆಳಗಿನ ಲಾಲಾಗ್ರಂಥಿಗಳು ಕಿರಣದ ದಾರಿಯಲ್ಲಿಯೇ ಇದ್ದವು. ಚಕ್ಕುಲಿ, ನಿಪ್ಪಟ್ಟುಗಳನ್ನು ಬಿಟ್ಟಾಯಿತು. ಚಪಾತಿಯನ್ನು ಸಾರಿನಲ್ಲಿ ನೆನೆಸಿ, ತುತ್ತಿಗೊಂದು ಗುಟುಕು ನೀರು ಕುಡಿದು ಇಳಿಸಬೇಕು. ರಾತ್ರಿ ಮೂರು ಸಲ ಎದ್ದು ಬಾಯಿ ಒದ್ದೆ ಮಾಡಿಕೊಳ್ಳಬೇಕು. ಕೊರಳಿನ ಮೇಲೆ ಗಡ್ಡ ಬೆಳೆಯುವುದಿಲ್ಲ. ಕೊರಳು ಹಲಗೆಯಂತೆ ಬಿಗಿದಿರುವುದರಿಂದ ರಸ್ತೆ ದಾಟುವಾಗ ಇಡೀ ಮೈಯನ್ನೇ ತಿರುಗಿಸಿ ನೋಡುತ್ತೇನೆ. ನಾಲ್ಕನೆಯ ವರ್ಷದಲ್ಲಿ ಕಾರಣವಿಲ್ಲದೆ ಆಯಾಸ, ಚಳಿ, ಮಂಪರು ಬಂದವು. ಥೈರಾಯ್ಡ್ ಗ್ರಂಥಿ ಸೋತಿದೆಯೆಂದು ರಕ್ತಪರೀಕ್ಷೆ ಹೇಳಿತು. ಅಂದಿನಿಂದ ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಮಾತ್ರೆ. ತರಗತಿಯಲ್ಲಿ ಹಳಗನ್ನಡ ಪದ್ಯ ಓದುವಾಗ ನಾಲಿಗೆ ಅಂಗುಳಿಗೆ ಅಂಟಿಕೊಂಡು ಳಕಾರ ಹೊರಡುತ್ತಿರಲಿಲ್ಲ. ಸಾಲಿನ ನಡುವೆ ನಿಂತು ನೀರು ಕುಡಿದು ಮುಂದುವರಿಯುತ್ತಿದ್ದೆ. ವಿದ್ಯಾರ್ಥಿಗಳಲ್ಲಿ ಕೆಲವರು ಅದನ್ನೇ ಯತಿಸ್ಥಾನವೆಂದು ಗುರುತು ಹಾಕಿಕೊಂಡಿದ್ದರು.

ಇದನ್ನೆಲ್ಲ ಹೇಳಿಕೊಂಡರೆ ಕೇಳುವವರಿಗೆ ಕಸಿವಿಸಿ. “ಮೇಷ್ಟ್ರೇ, ಜೀವ ಉಳಿಯಿತಲ್ಲ, ಇನ್ನೇನು ಬಿಡಿ” ಎನ್ನುತ್ತಾರೆ. ಪ್ರೀತಿಯಿಂದಲೇ ಆಡುವ ಮಾತು ಅದು. ಆದರೆ ಆ ಮಾತು ಕೇಳಿದ ಮೇಲೆ ರೋಗಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಬದುಕಿದ್ದೂ ದೂರು ಹೇಳುವುದು ಕೃತಘ್ನತೆಯಾದೀತೆಂದು ಅಂಜುತ್ತಾನೆ. ವೈದ್ಯದ ಚರಿತ್ರೆಯನ್ನು ನೋಡಿದರೆ ಈ ಮೌನ ಯಾರಿಗೂ ಒಳಿತು ಮಾಡಿಲ್ಲ. ಕಿರಣ ಚಿಕಿತ್ಸೆ ಸುಧಾರಿಸಿದ್ದು, ಬದುಕಿದವರು ಬಾಯಿಬಿಟ್ಟಾಗ ಮತ್ತು ವೈದ್ಯರು ಅದನ್ನು ಕಿವಿಗೊಟ್ಟು ಕೇಳಿದಾಗ.

ಇದಕ್ಕೆ ಮೂರು ನಿದರ್ಶನಗಳನ್ನು ಕೊಡುತ್ತೇನೆ. ಮೊದಲನೆಯದು ಮಕ್ಕಳದು. ಅಮೆರಿಕದ ಮಕ್ಕಳ ಕ್ಯಾನ್ಸರ್ ವೈದ್ಯ ಜೂಲಿಯೊ ಡಾಂಜಿಯೊ 1975ರಲ್ಲಿ ಬರೆದ ಲೇಖನದ ತಲೆಬರಹದಲ್ಲಿಯೇ, ಗುಣಪಡಿಸಿದರೆ ಸಾಲದು ಎಂಬ ಅರ್ಥದ ಮಾತಿದೆ. ಮಕ್ಕಳು ಉಳಿಯತೊಡಗಿದ್ದರು, ಆದರೆ ಕಿರಣ ತಾಗಿದ ಮೂಳೆ ಬೆಳೆಯದೆ, ಗ್ರಂಥಿಗಳು ಕುಂದಿ, ಮುಂದೆ ಎಪ್ಪತ್ತು ವರ್ಷ ಬಾಳಬೇಕಾದ ಜೀವಗಳು ಅವು. ಅಮೆರಿಕ ಮತ್ತು ಕೆನಡಗಳಲ್ಲಿ 1994ರಲ್ಲಿ ಆರಂಭವಾದ ಅಧ್ಯಯನವೊಂದು 1970ರಿಂದ 1986ರವರೆಗೆ ರೋಗ ಪತ್ತೆಯಾಗಿ ಉಳಿದುಕೊಂಡ 14 ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಿಂಬಾಲಿಸಿ ಅವರ ಮಾತು ಕೇಳಿತು. ಹಾಜ್‌ಕಿನ್ ರೋಗಕ್ಕಾಗಿ ಎಳೆಯ ವಯಸ್ಸಿನಲ್ಲಿ ಎದೆಗೆ ಕಿರಣ ತೆಗೆದುಕೊಂಡ ಹೆಣ್ಣುಮಕ್ಕಳಲ್ಲಿ ಮುಂದೆ ಸ್ತನದ ಅರ್ಬುದ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆಂಬುದು ಇಂತಹ ಅಧ್ಯಯನಗಳಿಂದ ದೃಢಪಟ್ಟಿತು. ಆ ರೋಗಕ್ಕೆ ಇಂದು ಕೊಡುವ ಕಿರಣದ ಪ್ರಮಾಣವೂ ಅದು ಬೀಳುವ ಕ್ಷೇತ್ರವೂ ಕಿರಿದಾಗಿರುವುದರಲ್ಲಿ ಆ ಹೆಣ್ಣುಮಕ್ಕಳ ಪಾಲಿದೆ.

ಎರಡನೆಯದು ಬ್ರಿಟನ್ನಿನ ಮಹಿಳೆಯರದು. ಸ್ತನದ ಅರ್ಬುದಕ್ಕೆ ಚಿಕಿತ್ಸೆ ಪಡೆದು ಗುಣವಾದ ಕೆಲವರಿಗೆ ವರ್ಷಗಳ ಮೇಲೆ ತೋಳಿನಲ್ಲಿ ಜೋಮು, ನೋವು ಆರಂಭವಾಗಿ ಕೊನೆಗೆ ಕೈಯೇ ನಿಷ್ಪ್ರಯೋಜಕವಾಯಿತು. ಕಂಕುಳ ಬಳಿ ಹಾದುಹೋಗುವ ನರಗಳ ಗೊಂಚಲು ಕಿರಣದಿಂದ ಕೆಟ್ಟಿತ್ತು. ತಮ್ಮಂತಹವರು ಇನ್ನೂ ಇದ್ದಾರೆಂದು ತಿಳಿದ ಆ ಮಹಿಳೆಯರು 1991ರಲ್ಲಿ ಒಂದು ಸಂಘ ಕಟ್ಟಿದರು. ಆ ದೇಶದ ವಿಕಿರಣ ವೈದ್ಯರ ಕಾಲೇಜು ಅವರ ಸಂಗತಿಯನ್ನು ವಿಚಾರಿಸಿ 1995ರಲ್ಲಿ ವರದಿ ಪ್ರಕಟಿಸಬೇಕಾಯಿತು. ಎದೆಗೆ ಕಿರಣ ಕೊಡುವಾಗ ಹೃದಯಕ್ಕೂ ತಾಗುವುದರ ಲೆಕ್ಕವೂ ಸಿಕ್ಕಿತು. ಸ್ವೀಡನ್ ಮತ್ತು ಡೆನ್ಮಾರ್ಕುಗಳಲ್ಲಿ 1958ರಿಂದ 2001ರವರೆಗೆ ಚಿಕಿತ್ಸೆ ಪಡೆದ 2168 ಮಹಿಳೆಯರ ದಾಖಲೆಗಳನ್ನು ಆಧರಿಸಿ 2013ರಲ್ಲಿ ಬಂದ ಅಧ್ಯಯನದ ಪ್ರಕಾರ, ಹೃದಯಕ್ಕೆ ತಾಗುವ ಸರಾಸರಿ ಪ್ರಮಾಣ 1 ಗ್ರೇ ಹೆಚ್ಚಿದಂತೆ ಹೃದ್ರೋಗದ ಅಪಾಯ ನೂರಕ್ಕೆ 7.4ರಂತೆ ಏರುತ್ತದೆ. ನಲವತ್ತು ವರ್ಷಗಳ ಹಳೆಯ ಕಡತಗಳನ್ನು ಆ ದೇಶಗಳವರು ಜೋಪಾನವಾಗಿ ಇಟ್ಟಿದ್ದರಿಂದ ಈ ಲೆಕ್ಕ ಸಾಧ್ಯವಾಯಿತು. ಇಂದು ಕಿರಣದ ನಕ್ಷೆ ಬರೆಯುವಾಗ ಹೃದಯವನ್ನು ತಪ್ಪಿಸುವ ಕಾಳಜಿಗೆ ಇಂತಹ ಲೆಕ್ಕಗಳೇ ಆಧಾರ.

ಮೂರನೆಯದು ನನ್ನಂತಹವರದು. ಬಾಯಿ ಒಣಗುವುದನ್ನು ಬಹುಕಾಲ ಸಣ್ಣ ತೊಂದರೆಯೆಂದು ಬಗೆದಿದ್ದರು. ಕಂಪ್ಯೂಟರಿನ ನೆರವಿನಿಂದ ಕಿರಣದ ತೀವ್ರತೆಯನ್ನು ಜಾಗದಿಂದ ಜಾಗಕ್ಕೆ ಬದಲಿಸುವ ಯಂತ್ರಗಳು ಬಂದ ಮೇಲೆ, ಬ್ರಿಟನ್ನಿನ ವೈದ್ಯರು ಲಾಲಾಗ್ರಂಥಿಯನ್ನು ಬದಿಗಿಟ್ಟು ಕಿರಣ ಹಾಯಿಸಿ ನೋಡಿದರು. 2011ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಹಳೆಯ ವಿಧಾನದಲ್ಲಿ ವರ್ಷದ ಬಳಿಕ ನೂರಕ್ಕೆ 74 ಮಂದಿಗೆ ಕಾಡುತ್ತಿದ್ದ ತೀವ್ರವಾದ ಬಾಯಿಯ ಒಣಗುವಿಕೆ ಹೊಸ ವಿಧಾನದಲ್ಲಿ 38 ಮಂದಿಗೆ ಇಳಿಯಿತು. ಆ ಸುದ್ದಿಯನ್ನು ಓದಿದಾಗ ನನ್ನ ಚಿಕಿತ್ಸೆ ಮುಗಿದು ಮೂರು ವರ್ಷವಾಗಿತ್ತು. ನನಗೆ ಅದರಿಂದ ಪ್ರಯೋಜನವಿಲ್ಲ; ಆದರೆ ನನ್ನ ಹಿಂದೆ ಬರುವವನು ಹುಳಿಯನ್ನವನ್ನು ನೀರಿಲ್ಲದೆ ಉಂಡಾನು ಎಂಬ ಸಮಾಧಾನ ಸಣ್ಣದಲ್ಲ.

ಬಾಯಿ, ಗಂಟಲುಗಳ ಅರ್ಬುದ ನಮ್ಮ ದೇಶದಲ್ಲಿ ಹೆಚ್ಚು. ತಂಬಾಕು ಅದರ ಮುಖ್ಯ ಕಾರಣ. ಹಾಗಾಗಿ ಈ ಉತ್ತರಕಾಂಡದಲ್ಲಿ ಬಾಳುತ್ತಿರುವವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಅವರಲ್ಲಿ ಒಬ್ಬಾಕೆಯನ್ನು ತಪಾಸಣೆಗೆ ಹೋದಾಗ ಆಸ್ಪತ್ರೆಯೊಂದರ ಮೊಗಸಾಲೆಯಲ್ಲಿ ಕಂಡೆ. ಹೊಲದ ಕೂಲಿ ಮಾಡುವ ಹೆಂಗಸು. ಸೆರಗಿನಿಂದ ಕೆನ್ನೆ ಮುಚ್ಚಿಕೊಂಡಿದ್ದಳು. “ಹಲ್ಲು ಕೀಳಿಸಿ ಎಂಟು ತಿಂಗಳಾಯ್ತು ಸ್ವಾಮಿ, ಇನ್ನೂ ಮಾಯ್ದಿಲ್ಲ. ಎಲುಬು ಕಾಣ್ತದೆ ಅಂತಾರೆ. ಕರೆಂಟು ಕೊಡಿಸಿ ಆರು ವರ್ಷ ಆಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಐತಿ ಅಂತ ನಂಗ್ಯಾರೂ ಹೇಳ್ಲಿಲ್ಲ” ಎಂದಳು. ಕಿರಣ ತಾಗಿದ ದವಡೆಯಲ್ಲಿ ರಕ್ತಸಂಚಾರ ಕುಗ್ಗಿರುತ್ತದೆ. ಹಲ್ಲು ಕಿತ್ತ ಕುಳಿ ತುಂಬಿಕೊಳ್ಳದೆ ಮೂಳೆಯೇ ಸಾಯಬಹುದು. ಹಲ್ಲು ಕಿತ್ತವರಿಗೆ ಅವಳ ಹಿಂದಿನ ಚಿಕಿತ್ಸೆಯ ಸುಳಿವಿರಲಿಲ್ಲ. ಅವಳ ಬಳಿ ಅದನ್ನು ಹೇಳುವ ಒಂದು ಕಾಗದವೂ ಇರಲಿಲ್ಲ.

ನನಗೆ ದವಡೆಹಲ್ಲು ನೋಯಲು ತೊಡಗಿದ್ದು 2019ರಲ್ಲಿ. ಎಷ್ಟು ಗ್ರೇ, ಯಾವ ಭಾಗಕ್ಕೆ, ಎಷ್ಟು ದಿನ ಎಂಬುದನ್ನೆಲ್ಲ ಬರೆದ ಹಾಳೆಯನ್ನು ನನ್ನ ಹೆಂಡತಿ ಮನೆಯ ಪತ್ರಗಳ ಜೊತೆಯಲ್ಲಿ ಟ್ರಂಕಿನಲ್ಲಿ ಇಟ್ಟಿದ್ದಳು. ದಂತವೈದ್ಯರು ಅದನ್ನು ಎರಡು ಸಲ ಓದಿದರು. “ಇದನ್ನು ಕೀಳುವುದು ಬೇಡ ಸಾರ್, ಬೇರಿನ ಚಿಕಿತ್ಸೆ ಮಾಡಿ ಉಳಿಸಿಕೊಳ್ಳೋಣ” ಎಂದರು. ಆ ಹಲ್ಲು ಈಗಲೂ ಇದೆ, ದವಡೆಯೂ ಇದೆ. ನನಗೂ ಆ ಹೆಂಗಸಿಗೂ ನಡುವೆ ಇದ್ದ ವ್ಯತ್ಯಾಸ ಒಂದು ಹಾಳೆಯದು.

ಕೇಳುವವರಲ್ಲಿ ಯಾರಾದರೂ ಈ ಚಿಕಿತ್ಸೆಯ ಮುಂದೆ ನಿಂತಿದ್ದರೆ, ನನ್ನ ಮಾತುಗಳಿಂದ ಹಿಂಜರಿಯಬಾರದು. ಆ 35 ದಿನಗಳು ಇಲ್ಲದಿದ್ದರೆ ಇಂದು ಮಾತನಾಡಲು ನಾನಿರುತ್ತಿರಲಿಲ್ಲ. ಇಲ್ಲಿ ಹೇಳಿದ ತೊಂದರೆಗಳು ಎಲ್ಲರಿಗೂ ಬರುವುದಿಲ್ಲ, ಎಲ್ಲವೂ ಒಬ್ಬರಿಗೇ ಬರುವುದಿಲ್ಲ. ಬಂದವುಗಳಲ್ಲಿ ಹಲವಕ್ಕೆ ಉಪಾಯವಿದೆ. ಥೈರಾಯ್ಡಿಗೆ ಮಾತ್ರೆಯಿದೆ, ಬಿಗಿದ ಕೊರಳಿಗೂ ದವಡೆಗೂ ವ್ಯಾಯಾಮವಿದೆ, ಹಲ್ಲಿಗೆ ಫ್ಲೋರೈಡಿನ ಲೇಪವಿದೆ. ಆದರೆ ಉಪಾಯ ನಡೆಯಬೇಕಾದರೆ, ಇದು ಹಳೆಯ ಕಿರಣದ ಫಲ ಎಂದು ಯಾರಾದರೂ ಗುರುತಿಸಬೇಕು. ಚಿಕಿತ್ಸೆ ಮುಗಿದ ದಿನ ಅದರ ವಿವರವನ್ನು ಬರೆಸಿಕೊಂಡು ಬರಬೇಕು. ಐದು ವರ್ಷ ಕಳೆದರೂ ಹತ್ತು ವರ್ಷ ಕಳೆದರೂ ಯಾವ ವೈದ್ಯರ ಬಳಿ ಹೋದರೂ ಅದನ್ನು ತೋರಿಸಬೇಕು. ಹಳೆಯ ಕಡತಗಳನ್ನು ಎಲ್ಲ ಆಸ್ಪತ್ರೆಗಳೂ ಕಾದಿಡುತ್ತವೆಂಬ ಭರವಸೆ ಇಲ್ಲ.

ಕಲ್ಲಿನ ಮೇಲೆ ಬರೆದ ಶಾಸನವನ್ನು ಓದಲು ನಾವು ಮಕ್ಕಳಿಗೆ ಕಲಿಸುತ್ತೇವೆ. ಬದುಕಿರುವವರ ಮೈಯಲ್ಲಿ ಬರೆದದ್ದನ್ನು ಓದಲು ಬೇಕಾದದ್ದು ಅದಕ್ಕಿಂತ ಕಡಮೆ: ಅವರನ್ನು ಕೇಳಬೇಕು, ಅವರು ಹೇಳಬೇಕು. ವಿಯೆನ್ನಾದ ಆ ವೃದ್ಧೆಯನ್ನು ಕೇಳಲು ಎಪ್ಪತ್ತು ವರ್ಷ ಬೇಕಾಯಿತು. ನಮ್ಮ ಮನೆಗಳಲ್ಲಿ, ನೆರೆಯಲ್ಲಿ, ಗುಣವಾಗಿ ಬಂದವರನ್ನು ಕೇಳಲು ಅಷ್ಟು ಕಾಲ ಬೇಕಿಲ್ಲ. ಜೀವ ಉಳಿಯಿತಲ್ಲ ಎಂದು ಮಾತು ಮುಗಿಸುವ ಬದಲು, ಈಗ ಹೇಗಿದ್ದೀರಿ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕುಳಿತಿದ್ದರೆ ಸಾಕು.